ಮೋಟಾರು ಮತ್ತು ಅದರ ಮಾದರಿ

(ಆಕಾಶವಾಣಿ ಭಾಷಣ)

ಇಂಗ್ಲಿಷಿನ ‘ಕಾರು’ ನಮ್ಮ ನಾಡಿಗೆ ಬರುವುದಕ್ಕೆ ಬಹಳ ಮುಂಚೆಯೇ ಕನ್ನಡದಲ್ಲೊಂದು ‘ಕಾರು’ ಇದ್ದಿತು. ಮಳೆಗಾಲಕ್ಕೂ ಕಾರೆಂದು ಹೆಸರು. ಕಾರ್ಮೋಡದ ಕಪ್ಪೂ ಕಾರೇ. ಒಳಗಿನದನ್ನು ಹೊರಕ್ಕೆ ಉಗುಳುವುದೂ ಕಾರುವುದೇ. ಹೊಗೆ ಕಾರುತ್ತ ಬಂದ ಹೊಸ ವಾಹನಕ್ಕೆ ಈ ಹಳೆಯ ಶಬ್ದ ಹೇಳಿ ಮಾಡಿಸಿದಂತೆ ಒಪ್ಪಿತಾದರೂ, ನನ್ನ ಬಾಲ್ಯದಲ್ಲಿ ಯಲಬುರ್ಗಾದ ಹಿರಿಯರು ಅದನ್ನು ಬಳಸುತ್ತಿರಲಿಲ್ಲ. ಅವರ ಬಾಯಲ್ಲಿ ಬಸ್ಸು, ಲಾರಿ, ಜೀಪು, ಕಾರು ಎಲ್ಲವೂ ‘ಮೋಟಾರು’.

ನಮ್ಮ ಸೀಮೆಯಲ್ಲಿ ಕಾರು ಬಂದುದು ನೀರಿನ ಬೆನ್ನು ಹತ್ತಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆ ಹರಿದ ಮೇಲೆ ಗಂಗಾವತಿಯ ಸುತ್ತ ಭತ್ತದ ಗದ್ದೆಗಳು ಎದ್ದುವು, ಗದ್ದೆಗಳ ಹಿಂದೆ ಅಕ್ಕಿಯ ಗಿರಣಿಗಳು, ಗಿರಣಿಗಳ ಹಿಂದೆ ಸಾವ್ಕಾರರ ಅಂಬಾಸಡರುಗಳು. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳಲ್ಲಿ ಜೋಳ ಸಜ್ಜೆ ಬೆಳೆಯುತ್ತಿದ್ದ ನಾವು ಬಸ್ಸಿನ ಧೂಳು ಕುಡಿದುಕೊಂಡೇ ಬೆಳೆದೆವು. ಕುಷ್ಟಗಿಗೆ ಹೆದ್ದಾರಿಯ ಲಾರಿಗಳಾದರೂ ಇದ್ದುವು. ನಮಗೆ ಅದೂ ಇರಲಿಲ್ಲ.

ಆದುದರಿಂದ ನಾವು ಮೋಟಾರನ್ನು ಕಂಡದ್ದಕ್ಕಿಂತ ಮಾಡಿದ್ದೇ ಹೆಚ್ಚು. ಕಾರಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬಂದಿತೆಂದರೆ ಮನೆಮನೆಯಲ್ಲೂ ಎರೆಮಣ್ಣನ್ನು ನಾದಿ ಜೋಡೆತ್ತು ಮಾಡಿ ಪೂಜಿಸುವ ವಾಡಿಕೆ. ಎತ್ತು ಮಾಡಿ ಮಿಕ್ಕ ಮಣ್ಣಿನಲ್ಲಿ ನಾನೊಂದು ಮೋಟಾರು ಮಾಡಿ ಎತ್ತುಗಳ ಪಕ್ಕದಲ್ಲಿಟ್ಟೆ. ಅಜ್ಜಿ ನೋಡಿ, “ಎತ್ತಿನ ಮುಂದ ಮೋಟಾರಿಗೆ ಯಾರು ಕುಂಕುಮ ಹಚ್ಚತಾರೋ?” ಎಂದು ಗದರಿದಳು. ಮುಂದೆ ಮಹಾನವಮಿಗೆ ಗಂಗಾವತಿಗೆ ಹೋದಾಗ ಸಾವ್ಕಾರರ ಅಂಬಾಸಡರಿಗೆ ಕುಂಕುಮ, ವಿಭೂತಿ, ಚೆಂಡುಹೂವಿನ ಮಾಲೆ ಎಲ್ಲವೂ ಸಂದುದನ್ನು ಕಂಡು ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಆ ಅಂಬಾಸಡರನ್ನು ನಡೆಸುತ್ತಿದ್ದವರು ನನ್ನ ಕಾಕಾ. 1960ರ ದಶಕದ ಗಾಡಿ. ಗೇರಿನ ಕೋಲು ಸ್ಟೀರಿಂಗಿನ ಮಗ್ಗುಲಲ್ಲಿ, ಮುಂದೆ ಉದ್ದಕ್ಕೆ ಒಂದೇ ಸೀಟು. ರಜೆಯಲ್ಲಿ ಹೋದಾಗ ಕಾಕಾ ಗೋಣಿಚೀಲ ಹಾಸಿ ಕಾರ್ಬ್ಯುರೇಟರನ್ನು ಬಿಚ್ಚಿ, ಬಿಚ್ಚಿದ ಪ್ರತಿಯೊಂದು ತುಣುಕನ್ನೂ ಸಾಲಾಗಿ ಇಡುತ್ತಿದ್ದರು. ತಿರುಗಿ ಜೋಡಿಸುವ ಸರದಿ ನನ್ನದು. “ಬಿಚ್ಚಿದ ಸಾಲಿನಾಗ ಹಿಂದಕ್ಕ ಬಾ. ನಡುವ ಒಂದು ಉಳೀತಂದ್ರ ನೀ ತಪ್ಪಿದಿ ಅಂತ ತಿಳಕೊ” ಎನ್ನುವರು. ಹಳಗನ್ನಡದ ಜಟಿಲ ಪದ್ಯವನ್ನು ಅನ್ವಯಿಸಿ ತರಗತಿಯಲ್ಲಿ ಹೇಳುವಾಗ ಮೂವತ್ತು ವರ್ಷ ನಾನು ಅನುಸರಿಸಿದ ಸೂತ್ರ ಇದೇ. ಇದನ್ನು ನನಗೆ ಕಲಿಸಿದ್ದು ಎಂ.ಎ. ಪದವಿಯಲ್ಲ.

ನಿಜ ಹೇಳುವುದಾದರೆ, ನಮ್ಮ ದೇಶದ ಮೋಟಾರು ಉದ್ಯಮವೂ ಬಹುಕಾಲ ಇದೇ ಜೋಡಣೆಯ ಆಟವನ್ನೇ ಆಡಿತು. 1928ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆ ಮುಂಬಯಿಯಲ್ಲಿ ಕಾರ್ಖಾನೆ ತೆರೆಯಿತು. ಭಾಗಗಳು ಹಡಗಿನಲ್ಲಿ ಪೆಟ್ಟಿಗೆಗಟ್ಟಲೆ ಬಂದಿಳಿಯುವುದು, ಇಲ್ಲಿ ಅವನ್ನು ಕೂಡಿಸಿ ಷವರ್ಲೆ ಕಾರು ಮಾಡುವುದು. ಇಲ್ಲಿಯೇ ತಯಾರಿಸಬೇಕೆಂದು ಸರ್ಕಾರ ಪಟ್ಟುಹಿಡಿದಾಗ, 1954ರಲ್ಲಿ ಆ ಸಂಸ್ಥೆ ಬಾಗಿಲು ಹಾಕಿಕೊಂಡು ಹೊರಟುಹೋಯಿತು. ಅದಕ್ಕೂ ಮುಂಚೆ, 1930ರ ದಶಕದಲ್ಲಿಯೇ, ನಮ್ಮವರಾದ ಸರ್ ಎಂ. ವಿಶ್ವೇಶ್ವರಯ್ಯನವರು ಸ್ವದೇಶದ ಮೋಟಾರು ಕಾರ್ಖಾನೆಗಾಗಿ ಯೂರೋಪು ಅಮೆರಿಕಗಳನ್ನು ಸುತ್ತಿ ಯೋಜನೆ ಸಿದ್ಧಪಡಿಸಿದ್ದರು. ಆಂಗ್ಲ ಸರ್ಕಾರದ ಒಲವು ದೊರೆಯಲಿಲ್ಲ. ಅದೇ ಕನಸಿನಲ್ಲಿ ಪಾಲುಗೊಂಡಿದ್ದ ವಾಲಚಂದ ಹೀರಾಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಕಟ್ಟಿದರು. ಮೋಟಾರಿನದು ಮಾತ್ರ ಮುಂಬಯಿಯ ಪಾಲಾಯಿತು. ಬೆಂಗಳೂರು ತನ್ನದೇ ಕಾರು ಕಾಣಲು 1970ರ ದಶಕದ ಮೂರು ಗಾಲಿಯ ‘ಬಾದಲ್’ವರೆಗೆ ಕಾಯಬೇಕಾಯಿತು. ಅದರ ಮೈ ತಗಡಿನದಲ್ಲ, ಗಾಜಿನ ನಾರಿನದು. ನೋಡಿದವರು ನಕ್ಕರು; ನಾನು ಮಾತ್ರ ನಗಲಿಲ್ಲ, ನನ್ನ ಮಣ್ಣಿನ ಮೋಟಾರು ನೆನಪಾಯಿತು.

ಆ ಕಾಲದ ಗಾಡಿಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್. ಅದರ ರೂಪವನ್ನು ಬರೆದವನು ಇಟಲಿಯ ಮಿಕೆಲೊಟ್ಟಿ. ಅಂಬಾಸಡರಿನ ಮೈ ಇಡಿಯಾಗಿ ಬೆಸೆದದ್ದು. ಹೆರಾಲ್ಡಿನ ಮೈಯಾದರೋ ತುಂಡುತುಂಡಾಗಿ ಚೌಕಟ್ಟಿನ ಮೇಲೆ ಬೋಲ್ಟು ಹಾಕಿ ಕೂರಿಸಿದ್ದು. ಅದರ ಬಾನೆಟ್ಟು ಎರಡು ಬದಿಯ ರೆಕ್ಕೆಗಳೊಂದಿಗೆ ಮುಂದಕ್ಕೆ ಮಗುಚಿಕೊಳ್ಳುವುದನ್ನು ನೋಡಿದ ಹುಡುಗನಿಗೆ ಯಂತ್ರದ ಒಡಲಿನಲ್ಲಿ ರಹಸ್ಯವೇ ಉಳಿಯುತ್ತಿರಲಿಲ್ಲ.

ಸಾವ್ಕಾರರ ಅಂಬಾಸಡರು 1990ರ ದಶಕದಲ್ಲಿ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಯಿತು. ಕಾಕಾ ಅದರ ಬಾಗಿಲಿನ ಹಿಡಿಯೊಂದನ್ನು ಕೇಳಿ ಪಡೆದರು. ಅದು ಈಗಲೂ ಅವರ ಪೆಟ್ಟಿಗೆಯಲ್ಲಿದೆ.

ನಾನು ನಿವೃತ್ತನಾದ ಮೇಲೆ ಹೊರನಾಡಿನಲ್ಲಿರುವ ಮಗ ಒಂದು ಡಬ್ಬ ತಂದುಕೊಟ್ಟ. ಉಕ್ರೇನಿನ ಕೀವ್ ನಗರದಲ್ಲಿ ತಯಾರಾದ, ಫೋರ್ಡಿನ ‘ಮಾಡೆಲ್ ಟಿ’ಯ ಪ್ಲಾಸ್ಟಿಕ್ ಮಾದರಿ. ಟೊಂಗೆಗೆ ಕಾಯಿ ಕಚ್ಚಿದಂತೆ ಚೌಕಟ್ಟುಗಳಿಗೆ ಅಂಟಿಕೊಂಡ ಸಣ್ಣ ಸಣ್ಣ ಭಾಗಗಳು. ಅವನ್ನು ಕತ್ತರಿಸಿ, ಅರೆದು, ಅಂಟಿಸಿ, ಬಣ್ಣ ಹಾಕಬೇಕು. ಅದರ ಪ್ರಮಾಣ ಇಪ್ಪತ್ತನಾಲ್ಕಕ್ಕೆ ಒಂದು. ಈ ಇಪ್ಪತ್ತನಾಲ್ಕು ಎಲ್ಲಿಯದೆಂದರೆ, ನಿಜದ ಒಂದಡಿಗೆ ಮಾದರಿಯಲ್ಲಿ ಅರ್ಧ ಅಂಗುಲ. ವಿಮಾನದ ಮಾದರಿಗಳಲ್ಲಿ ಎಪ್ಪತ್ತೆರಡಕ್ಕೆ ಒಂದು ಎಂಬುದು ಹೆಚ್ಚು ರೂಢಿ. ಅಲ್ಲಿ ಆರಡಿಯ ಆಳು ಒಂದಂಗುಲವಾಗುತ್ತಾನೆ. ಮೀಸೆಯ ಗತಿಯೇನೆಂದು ಕೇಳಬೇಡಿ.

ಎರಡು ತಿಂಗಳಲ್ಲಿ ಮುಗಿಸಿದೆ. ಚೆನ್ನಾಗಿಯೇ ಬಂದಿತು. ಆದರೆ ಆ ಗಾಡಿಯಲ್ಲಿ ನಾನಾಗಲಿ ನಮ್ಮವರಾಗಲಿ ಕುಳಿತಿರಲಿಲ್ಲ. ಅಂಬಾಸಡರಿನ ಮಾದರಿಯನ್ನು ಇಲ್ಲಿಯೇ ಏಕೆ ಮಾಡಿಸಬಾರದು ಎಂದು ತೋರಿ ಕಿನ್ನಾಳಕ್ಕೆ ಹೋದೆ.

ಕೊಪ್ಪಳಕ್ಕೆ ಸಮೀಪದ ಈ ಊರಿನ ಚಿತ್ರಗಾರರ ಹಿರಿಯರು ಹಂಪೆಯ ಪಂಪಾಪತಿಯ ಗುಡಿಯಲ್ಲಿ ಬಣ್ಣದ ಚಿತ್ರ ಬರೆದವರೆಂದು ಪ್ರತೀತಿ. ಅವರ ಗೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಆದರೆ ಕಸುಬು ಹಿಡಿದ ಮನೆಗಳು ಬಹಳ ಉಳಿದಿಲ್ಲ. ಹಗುರವಾದ ಪೊಳಕಿ ಮರದಲ್ಲಿ ಭಾಗಗಳನ್ನು ಕೆತ್ತಿ ಹುಣಿಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಮತ್ತು ಅದೇ ಅಂಟಿನೊಡನೆ ಕಲಸಿದರೆ ‘ಕಿಟ್ಟ’. ಅದನ್ನು ಮೈಗೆಲ್ಲ ಕೈಯಿಂದ ಮೆತ್ತಿ, ಮೇಲೆ ಹತ್ತಿಯ ಅರಿವೆಯ ಚೂರುಗಳನ್ನು ಅಂಟಿಸಿ, ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಬಿಳಿಯ ಲೇಪ ಕೊಟ್ಟು, ಆಮೇಲೆ ಬಣ್ಣ. ನೆಗ್ಗಿದ ಕಾರಿಗೆ ಗ್ಯಾರೇಜಿನಲ್ಲಿ ಪುಟ್ಟಿ ತುಂಬಿ, ಉಜ್ಜಿ, ಪ್ರೈಮರ್ ಹೊಡೆದು ಬಣ್ಣ ಹಾಕುವ ಕ್ರಮವೂ ಇದೇ ಅಲ್ಲವೆ?

ಅಲ್ಲಿಯ ಹಿರಿಯ ಕಸುಬುದಾರರು ನನ್ನ ಕಪ್ಪುಬಿಳುಪು ಫೋಟೋ ನೋಡಿ ಒಪ್ಪಿದರು. ಅಂಬಾಸಡರಿನ ಉದ್ದ ನಾಲ್ಕು ಮೀಟರು ಮೂವತ್ತು ಸೆಂಟಿಮೀಟರಿಗಿಂತ ತುಸು ಹೆಚ್ಚು. ಮಾದರಿ ಹದಿನೆಂಟು ಸೆಂಟಿಮೀಟರು. ಬಾಗಿಲುಗಳ ಸಂದನ್ನು ಕೆತ್ತಬೇಕೆಂದು ನಾನು ಹಟ ಹಿಡಿದೆ. ಅವರು ತಲೆಯಾಡಿಸಿ, “ಕೆತ್ತಿದ್ರ ಕಿಟ್ಟ ತುಂಬಿ ಮುಚ್ಚತೈತ್ರಿ ಸರ. ಬಾಗಲಾ ನಾ ಕುಂಚದಾಗ ಬರೀತೀನಿ” ಎಂದರು. ಲೆಕ್ಕ ಹಾಕಿದೆ. ನಿಜದ ಕಾರಿನಲ್ಲಿ ಆ ಸಂದು ಮೂರು ಮಿಲಿಮೀಟರು ಇದ್ದರೆ ಮಾದರಿಯಲ್ಲಿ ಒಂದು ಮಿಲಿಮೀಟರಿನ ಎಂಟರಲ್ಲೊಂದು ಪಾಲು! ಪ್ಲಾಸ್ಟಿಕ್ಕಿನ ಅಚ್ಚಿಗೆ ಅದು ಸಾಧ್ಯ. ಕಿಟ್ಟ ಮೆತ್ತುವ ಕೈಗೆ ಸಾಧ್ಯವಿಲ್ಲ. ಕುಂಚದ ಒಂದು ಕೂದಲಿಗೆ ಸಾಧ್ಯ. ಪ್ಲಾಸ್ಟಿಕ್ ಮಾದರಿ ಇದ್ದುದನ್ನೆಲ್ಲ ತೋರಿಸುತ್ತದೆ. ಕಿನ್ನಾಳದ್ದು ಇದೆಯೆಂದು ನಂಬಿಸುತ್ತದೆ. ಎರಡರಲ್ಲಿ ನನಗೆ ಯಾವುದು ಮೇಲೆಂದು ಕೇಳಿದರೆ ನಾನು ನಿಷ್ಪಕ್ಷಪಾತಿಯಲ್ಲ.

ಕಿಟ್ಟ ಮೆತ್ತಿ ಒಣಗಿದ ಮೇಲೆ ಕಾಕಾರನ್ನು ಕರೆದುಕೊಂಡು ಹೋದೆ. ಎಂಬತ್ತು ದಾಟಿದ ಅವರಿಗೆ ಕಣ್ಣು ಮಂಜಾಗಿದೆ. ಮಾದರಿಯನ್ನು ಅಂಗೈಮೇಲೆ ಇಟ್ಟುಕೊಂಡು, ಒರಸುವ ಬಟ್ಟೆ ಹಿಡಿದವರ ಹಾಗೆ ಹೆಬ್ಬೆರಳಿನಿಂದ ಬಾನೆಟ್ಟನ್ನು ಹಿಂದಿನಿಂದ ಮುಂದಕ್ಕೆ ಸವರಿದರು. ಮತ್ತೊಮ್ಮೆ ಸವರಿದರು.

“ಮೂಗು ಮೊಂಡಾಗೈತಿ. ಇಲ್ಲಿ ಸ್ವಲ್ಪ ಉಬ್ಬಬೇಕು.”

ಫೋಟೋ ಮತ್ತೆ ನೋಡಿದರೆ ಅವರ ಮಾತೇ ಸರಿ. ಕಸುಬುದಾರರು ಏನೂ ಹೇಳದೆ ಉಗುರಿನಷ್ಟು ಕಿಟ್ಟ ತೆಗೆದುಕೊಂಡು ಅಲ್ಲಿಗೆ ಮೆತ್ತಿದರು. ಕಾಕಾ ಮುಟ್ಟಿ ನೋಡಿ ಹೂಂಗುಟ್ಟಿದರು.

ಬಿಳಿಯ ಲೇಪವೂ ಆಗಿದೆ. ಬಣ್ಣದ ಮಾತು ಬಂದಾಗ ತೊಡಕಾಯಿತು. ಗಾಡಿ ಹಾಲುಬಿಳುಪು ಎಂದು ನಾನು, ತಿಳಿಬೂದಿ ಎಂದು ಕಾಕಾ. ಅದನ್ನು ಬಲ್ಲ ಸಾವ್ಕಾರರು ಈಗಿಲ್ಲ. ಫೋಟೋ ಏನನ್ನೂ ಹೇಳುವುದಿಲ್ಲ. ಗಾಡಿಯನ್ನು ದಿನವೂ ತೊಳೆದವರು ಅವರು, ರಜೆಯಲ್ಲಿ ಮಾತ್ರ ಕಂಡವನು ನಾನು. ಕಸುಬುದಾರರು ಎರಡು ಬಣ್ಣಗಳನ್ನೂ ಎರಡು ಚಿಪ್ಪಿನಲ್ಲಿ ಕಲಸಿ ಇಟ್ಟಿದ್ದಾರೆ. ಬರುವ ಸೋಮವಾರ ಬೂದಿಯದನ್ನೇ ಹಚ್ಚಿರೆಂದು ಹೇಳಿಬರಲು ಹೋಗಬೇಕು.