ಅಡ್ಡಹೆಸರಿನ ಬೆನ್ನು ಹತ್ತಿದ ಡಿಎನ್‌ಎ

ಸಾವಿನ ಸುದ್ದಿ ಬಂದಾಗ ಯಾರಿಗೆ ಸೂತಕ, ಯಾರಿಗಿಲ್ಲ ಎಂಬುದನ್ನು ಮನೆಯ ಹಿರಿಯರು ಬೆರಳು ಮಡಚಿ ಹೇಳುತ್ತಾರೆ. ದೊಡ್ಡಪ್ಪ, ಚಿಕ್ಕಪ್ಪ, ಅವರ ಗಂಡುಮಕ್ಕಳು, ಆ ಮಕ್ಕಳ ಗಂಡುಮಕ್ಕಳು ಎಂದು ಲೆಕ್ಕ ಸಾಗುತ್ತದೆ. ಈ ದಾಯಾದಿ ಲೆಕ್ಕವನ್ನು ಯಾರ ನೆನಪಿನ ಹಂಗೂ ಇಲ್ಲದೆ ಕಾಪಾಡಿಕೊಂಡು ಬರುವ ವಸ್ತುವೊಂದು ಗಂಡಸರ ಜೀವಕೋಶಗಳಲ್ಲೇ ಇದೆ. ಅದು ವೈ ವರ್ಣತಂತು. ಉಳಿದ ವರ್ಣತಂತುಗಳು ಪ್ರತಿ ತಲೆಮಾರಿನಲ್ಲೂ ಇಸ್ಪೀಟೆಲೆಯಂತೆ ಕಲಸಿಕೊಂಡು ಹಂಚಿಕೆಯಾದರೆ, ವೈ ಮಾತ್ರ ತುದಿಯ ಚೂರುಗಳನ್ನು ಬಿಟ್ಟು ಇಡಿಯಾಗಿ ಅಪ್ಪನಿಂದ ಮಗನಿಗೆ ಇಳಿಯುತ್ತದೆ. ಇಂಗ್ಲೆಂಡಿನಲ್ಲಿ ಮಧ್ಯಯುಗದಿಂದೀಚೆಗೆ ಅಡ್ಡಹೆಸರು ಇಳಿದು ಬಂದದ್ದೂ ಇದೇ ದಾರಿಯಲ್ಲಿ. ಹಾಗಾದರೆ ಉಗುಳಿನ ಪರೀಕ್ಷೆಯಿಂದ ಅಡ್ಡಹೆಸರಿನ ಮೂಲಪುರುಷನನ್ನು ಹುಡುಕಬಹುದೇ? ಪರೀಕ್ಷೆ ಮಾರುವವರು ಹೌದೆನ್ನುತ್ತಾರೆ. ನಿಜ ಹೇಳಬೇಕೆಂದರೆ ಡಿಎನ್‌ಎಗೆ ಯಾವ ಹೆಸರೂ ಗೊತ್ತಿಲ್ಲ. ಈ ಇಬ್ಬರು ಗಂಡಸರ ತಂದೆಯ ಸಾಲುಗಳು ಹತ್ತಿರದಲ್ಲೆಲ್ಲಾದರೂ ಕೂಡುತ್ತವೆಯೇ ಎಂಬ ಒಂದೇ ಪ್ರಶ್ನೆಗೆ ಅದು ಉತ್ತರಿಸಬಲ್ಲದು. ಯಾರಿಬ್ಬರನ್ನು ಹೋಲಿಸಬೇಕು, ಯಾಕೆ ಹೋಲಿಸಬೇಕು ಎಂಬುದನ್ನು ಹಳೆಯ ಕಾಗದಪತ್ರಗಳೇ ಹೇಳಬೇಕು.

ಪರೀಕ್ಷೆಯಲ್ಲಿ ನೋಡುವುದೇನು? ಮನುಷ್ಯನ ವೈ ವರ್ಣತಂತುವಿನಲ್ಲಿ ಸುಮಾರು 6.2 ಕೋಟಿ ಅಕ್ಷರಗಳಿವೆ. ಅದನ್ನು ಆದಿಯಿಂದ ಅಂತ್ಯದವರೆಗೆ ಓದಲು ಸಾಧ್ಯವಾದದ್ದೇ 2023ರಲ್ಲಿ. ಅಡ್ಡಹೆಸರಿನ ಕೆಲಸಕ್ಕೆ ಅಷ್ಟೆಲ್ಲ ಬೇಕಿಲ್ಲ. ಕೆಲವು ಜಾಗಗಳಲ್ಲಿ ಒಂದೇ ಚಿಕ್ಕ ಪದ ಮತ್ತೆ ಮತ್ತೆ ಬರುತ್ತದೆ. ಡಿವೈಎಸ್ 391 ಎಂಬ ಜಾಗವನ್ನೇ ನೋಡಿ: ‘ಜಿಎಟಿಎ’ ಎಂಬ ನಾಲ್ಕಕ್ಷರ ಒಬ್ಬನಲ್ಲಿ ಹತ್ತು ಸಲ ಇದ್ದರೆ ಇನ್ನೊಬ್ಬನಲ್ಲಿ ಹನ್ನೊಂದು ಸಲ ಇರುತ್ತದೆ. ನಕಲಾಗುವಾಗ ಈ ಎಣಿಕೆ ಅಪರೂಪಕ್ಕೆ ತಪ್ಪುತ್ತದೆ, ಒಂದು ಜಾಗದಲ್ಲಿ ಸಾವಿರ ಸಲಕ್ಕೆ ಎರಡೋ ಮೂರೋ ಬಾರಿ. ಆ ತಪ್ಪೂ ಮಗನಿಗೆ ಇಳಿಯುತ್ತದೆ. ಇಂಥ ಹತ್ತಾರು ಜಾಗಗಳ ಎಣಿಕೆಯನ್ನು ಸಾಲಾಗಿ ಬರೆದರೆ ಅದೇ ಆ ಸಾಲಿನ ಗುರುತು. ಎರಡು ಸಾಲುಗಳಲ್ಲಿ ವ್ಯತ್ಯಾಸ ಕಡಿಮೆಯಿದ್ದಷ್ಟೂ ಮೂಲಪುರುಷ ಹತ್ತಿರದವನು.

ಈ ಗುರುತನ್ನು ಅಡ್ಡಹೆಸರಿಗೆ ಮೊದಲು ಹಚ್ಚಿ ನೋಡಿದವರಲ್ಲಿ ಆಕ್ಸ್‌ಫರ್ಡಿನ ಬ್ರಯಾನ್ ಸೈಕ್ಸ್ ಒಬ್ಬರು, ಅದೂ ತಮ್ಮದೇ ಅಡ್ಡಹೆಸರಿಗೆ. ಯಾರ್ಕ್‌ಶೈರ್ ಕಡೆಯ ಹಳೆಯ ಮಾತಿನಲ್ಲಿ ಸೈಕ್ ಎಂದರೆ ಸಣ್ಣ ತೊರೆ. ತೊರೆಗಳು ಎಲ್ಲೆಲ್ಲೂ ಇರುವುದರಿಂದ ಈ ಹೆಸರು ಹಲವು ಕಡೆ ಬೇರೆಬೇರೆಯಾಗಿ ಹುಟ್ಟಿರಬೇಕು ಎಂಬುದು ಊಹೆಯಾಗಿತ್ತು. ಆದರೆ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರೀಕ್ಷಿಸಿದ 48 ಸೈಕ್ಸ್‌ಗಳಲ್ಲಿ 21 ಮಂದಿಯ ಗುರುತು ಒಂದೇ ಆಗಿತ್ತು. ಅಂದರೆ ತೊರೆ ಹಲವಿದ್ದರೂ ಹೆಸರು ಬಹುಶಃ ಒಬ್ಬನಿಂದಲೇ ಬೆಳೆದದ್ದು. ಆಗ ನೋಡಿದ್ದು ನಾಲ್ಕೇ ಜಾಗಗಳನ್ನು. ಇಂದಿನ ಕಣ್ಣಿಗೆ ಅದು ತೀರಾ ತೆಳ್ಳಗಿನ ಸಾಕ್ಷ್ಯ.

ಗಟ್ಟಿ ಸಾಕ್ಷ್ಯ ಲೆಸ್ಟರ್ ವಿಶ್ವವಿದ್ಯಾಲಯದಿಂದ ಬಂತು. ಟುರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 2009ರಲ್ಲಿ 40 ಅಡ್ಡಹೆಸರುಗಳ 1,678 ಗಂಡಸರನ್ನು ಹೋಲಿಸಿದರು. ಸ್ಮಿತ್‌ಗಳಲ್ಲಿ ಇಬ್ಬರನ್ನು ಆರಿಸಿದರೂ ಒಂದೇ, ದಾರಿಹೋಕರಲ್ಲಿ ಇಬ್ಬರನ್ನು ಆರಿಸಿದರೂ ಒಂದೇ. ಸ್ಮಿತ್ ಎಂದರೆ ಕಮ್ಮಾರ. ಊರಿಗೊಂದು ಕುಲುಮೆ, ಕುಲುಮೆಗೊಬ್ಬ ಸ್ಮಿತ್. ಅದೇ ನಾಟಿಂಗ್‌ಹ್ಯಾಮ್‌ಶೈರಿನ ಒಂದು ಊರಿನಿಂದ ಬಂದ ಅಟೆನ್‌ಬರೋ ಎಂಬ ಅಪರೂಪದ ಹೆಸರಿನವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿಯ ಗುರುತು ಒಂದೇ ಗುಂಪಿಗೆ ಸೇರಿತ್ತು. ಹೆಸರು ಅಪರೂಪವಾದಷ್ಟೂ ಪರೀಕ್ಷೆಗೆ ಬಲ ಹೆಚ್ಚು. ಗುರುತಿನ ಅಪರೂಪವೂ ಅಷ್ಟೇ ಮುಖ್ಯ. 393, 390, 19, 391 ಎಂಬ ನಾಲ್ಕು ಜಾಗಗಳಲ್ಲಿ 13, 24, 14, 11 ಎಂಬ ಎಣಿಕೆ ಪಶ್ಚಿಮ ಯುರೋಪಿನ ಅಸಂಖ್ಯ ಗಂಡಸರಲ್ಲಿದೆ. ಅದಷ್ಟೇ ಹೊಂದಿತೆಂದು ಇಬ್ಬರನ್ನು ದಾಯಾದಿಗಳೆನ್ನುವುದು, ಇಬ್ಬರೂ ಬಿಳಿ ಪಂಚೆ ಉಟ್ಟಿದ್ದಾರೆಂದು ಅಣ್ಣತಮ್ಮಂದಿರೆಂದ ಹಾಗೆ.

ಹೆಸರು ಒಂದೇ ಇದ್ದು ಗುರುತು ಹೊಂದದಿದ್ದರೆ ಜನರ ಮನಸ್ಸು ನೇರ ಹಾದರದ ಕಡೆಗೆ ಓಡುತ್ತದೆ. ಮೂರನೇ ರಿಚರ್ಡನ ಪ್ರಸಂಗದಲ್ಲಿ ಆದದ್ದೂ ಅದೇ. 1485ರಲ್ಲಿ ಬಾಸ್ವರ್ತ್ ಕಾಳಗದಲ್ಲಿ ಸತ್ತ ಈ ಇಂಗ್ಲೆಂಡಿನ ದೊರೆಯ ಎಲುಬುಗಳು 2012ರಲ್ಲಿ ಲೆಸ್ಟರ್ ನಗರದ ಕಾರು ನಿಲ್ದಾಣವೊಂದರ ಅಡಿಯಲ್ಲಿ ಸಿಕ್ಕವು. ತಾಯಿಯಿಂದ ಮಾತ್ರ ಇಳಿಯುವ ಮೈಟೊಕಾಂಡ್ರಿಯಾದ ಡಿಎನ್‌ಎ, ಅವನ ಅಕ್ಕನ ಹೆಣ್ಣು ಸಾಲಿನಲ್ಲಿ ಬಂದು ಈಗ ಬದುಕಿರುವವರ ಜತೆ ಹೊಂದಿತು. ವೈ ಹೊಂದಲಿಲ್ಲ. ರಿಚರ್ಡನ ಪೂರ್ವಜನಾದ ಮೂರನೇ ಎಡ್ವರ್ಡನಿಂದ ಗಂಡು ಸಾಲಿನಲ್ಲಿ ಬಂದವರೆಂದು ದಾಖಲೆಯಿರುವ ಸಾಮರ್ಸೆಟ್ ಮನೆತನದ ಐವರನ್ನು ಪರೀಕ್ಷಿಸಿದಾಗ ಒಬ್ಬನದೂ ರಿಚರ್ಡನದಕ್ಕೆ ಕೂಡಲಿಲ್ಲ. ಐವರಲ್ಲೇ ಒಬ್ಬ ಉಳಿದ ನಾಲ್ವರಿಗೂ ಹೊಂದಲಿಲ್ಲ. ಸಿಂಹಾಸನದ ಹಕ್ಕೇ ಸುಳ್ಳಾಯಿತೆಂಬ ಗದ್ದಲ ಪತ್ರಿಕೆಗಳಲ್ಲಿ ಎದ್ದಿತು. ಕೊಂಡಿ ಎಲ್ಲಿ ಕಳಚಿತೆಂದು ಆ ಪರೀಕ್ಷೆ ಹೇಳುವುದೇ ಇಲ್ಲ ಎಂಬುದನ್ನು ಕೇಳುವ ವ್ಯವಧಾನ ಯಾರಿಗಿತ್ತು? ಲೆಕ್ಕ ಹಾಕಿ ನೋಡಿ. ರಿಚರ್ಡನಿಗೂ ಆ ಐವರ ಪೂರ್ವಜನಾದ ಐದನೇ ಬೋಫರ್ಟ್ ಡ್ಯೂಕನಿಗೂ ನಡುವೆ 19 ಕೊಂಡಿಗಳಿವೆ. ತಲೆಮಾರಿಗೆ ನೂರಕ್ಕೆ ಒಂದರಷ್ಟು ಕಳಚಿದರೂ ಎಲ್ಲೋ ಒಂದು ಕಡೆ ಸರಪಳಿ ಕಡಿದಿರುವ ಸಂಭವ ನೂರಕ್ಕೆ ಸುಮಾರು 17. ಅಚ್ಚರಿಪಡುವಂಥದ್ದೇನಿಲ್ಲ.

ಈ ನೂರಕ್ಕೆ ಒಂದು ಎಂಬುದು ಗಾಳಿಯಲ್ಲಿ ಹಿಡಿದ ಅಂಕಿಯಲ್ಲ. ಬೆಲ್ಜಿಯಂನ ಮಾರ್ಟೆನ್ ಲಾರ್ಮುಸೊ ಮತ್ತು ಸಂಗಡಿಗರು ಚರ್ಚಿನ ದಾಖಲೆಯನ್ನೂ ವೈ ವರ್ಣತಂತುವನ್ನೂ ಎದುರುಬದುರು ಇಟ್ಟು, ಹಿಂದಿನ ಶತಮಾನಗಳಲ್ಲಿ ಈ ಪ್ರಮಾಣ ಸರಾಸರಿ ಶೇಕಡಾ ಒಂದರ ಆಸುಪಾಸು ಎಂದು ಕಂಡರು. 19ನೇ ಶತಮಾನದ ಕಿಕ್ಕಿರಿದ ನಗರಗಳ ಬಡವರಲ್ಲಿ ಮಾತ್ರ ಅದು ಆರಕ್ಕೆ ಹತ್ತಿರವಿತ್ತು. ಅಡ್ಡಹೆಸರಿನ ವಿಷಯಕ್ಕೆ ಬಂದರೆ ಹಾದರವಲ್ಲದ ಕಾರಣಗಳೂ ಬೇಕಾದಷ್ಟಿವೆ. ದತ್ತು ಬಂದವನಿದ್ದಾನೆ, ಹೆಂಡತಿಯ ಆಸ್ತಿಯ ಜತೆ ಆಕೆಯ ಮನೆತನದ ಹೆಸರನ್ನೂ ಹೊತ್ತ ಮನೆಯಳಿಯನಿದ್ದಾನೆ, ಮಲತಂದೆಯ ಹೆಸರಲ್ಲಿ ಬೆಳೆದ ಹುಡುಗನಿದ್ದಾನೆ. ಇವರೆಲ್ಲ ಆ ಮನೆಯವರೇ; ವೈ ವರ್ಣತಂತುವಿಗೆ ಮಾತ್ರ ಹೊರಗಿನವರು.

ಹೊಂದಿದಾಗಲೂ ಹಿಗ್ಗುವ ಮುನ್ನ ಒಂದು ಮಾತಿದೆ. ಆಫ್ರಿಕಾದ ಹೊರಗೆ ಅತಿ ವಿರಳವಾದ ಒಂದು ವೈ ಗುಂಪು ಯಾರ್ಕ್‌ಶೈರಿನ ಅಪರೂಪದ ಅಡ್ಡಹೆಸರೊಂದರ ಬಿಳಿಯನಲ್ಲಿ ಕಂಡದ್ದನ್ನು ಇದೇ ಲೆಸ್ಟರ್ ತಂಡ 2007ರಲ್ಲಿ ವರದಿ ಮಾಡಿತು. ಅದೇ ಹೆಸರಿನ ಇನ್ನೂ 18 ಮಂದಿಯನ್ನು ಪರೀಕ್ಷಿಸಿದರೆ ಏಳು ಮಂದಿಯಲ್ಲೂ ಅದೇ ಇತ್ತು. ಹಾಗೆಂದು ಅವರನ್ನು ಆಫ್ರಿಕಾದವರೆನ್ನಬಹುದೇ? ಹತ್ತು ತಲೆಮಾರು ಹಿಂದೆ ಪ್ರತಿಯೊಬ್ಬರ ವಂಶವೃಕ್ಷದಲ್ಲಿ 1,024 ಸ್ಥಾನಗಳಿರುತ್ತವೆ, ಅಡ್ಡಹೆಸರಿನ ಸಾಲು ಅದರಲ್ಲಿ ಒಂದೇ ಒಂದು. ಉಳಿದ 1,023ರ ಬಗ್ಗೆ ವೈ ಮೂಕ. ನಮ್ಮ ಕರಾವಳಿಯ ಡಿಸೋಜ, ಪಿಂಟೊ, ಫರ್ನಾಂಡಿಸರದು ಇದರ ತಿರುವುಮುರುವು: ದೀಕ್ಷೆಯ ಜತೆ ಪೋರ್ಚುಗೀಸ್ ಹೆಸರು ಬಂತು, ರಕ್ತ ಬರಲಿಲ್ಲ. ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳೂ ಅವರ ಸಹೋದ್ಯೋಗಿಗಳೂ 2021ರಲ್ಲಿ ಗೋವಾ, ಕುಮಟಾ, ಮಂಗಳೂರಿನ ಕ್ಯಾಥೊಲಿಕರ ಡಿಎನ್‌ಎ ನೋಡಿದಾಗ ಅದು ಗೌಡ ಸಾರಸ್ವತರದಕ್ಕೆ ಹತ್ತಿರವಿತ್ತು.

ಉಗುಳು ಕೊಟ್ಟವನದ್ದಷ್ಟೇ ಗುಟ್ಟು ಹೊರಬೀಳುತ್ತದೆ, ಬೇರೆಯವರಿಗೇನು ಎಂಬ ಸಮಾಧಾನವೂ ನಿಲ್ಲುವುದಿಲ್ಲ. 2013ರಲ್ಲಿ ಯಾನಿವ್ ಎರ್ಲಿಕ್ ತಂಡ, ಹೆಸರು ಮರೆಮಾಡಿದ ಡಿಎನ್‌ಎ ಮಾಹಿತಿಯನ್ನು ವಂಶಾವಳಿ ಜಾಲತಾಣಗಳ ಜತೆ ತಾಳೆ ನೋಡಿ, ಅಮೆರಿಕದ ಬಿಳಿ ಗಂಡಸರಲ್ಲಿ ನೂರಕ್ಕೆ ಸುಮಾರು 12 ಮಂದಿಯ ಅಡ್ಡಹೆಸರನ್ನು ಹೀಗೆ ಪತ್ತೆ ಮಾಡಬಹುದೆಂದು ಲೆಕ್ಕ ಕೊಟ್ಟಿತು. ಎಂದೂ ಕಾಣದ ದಾಯಾದಿಯೊಬ್ಬ ಪರೀಕ್ಷೆ ಮಾಡಿಸಿಕೊಂಡಿದ್ದರೆ ಅಷ್ಟೇ ಸಾಕು.

ನಮ್ಮಲ್ಲಿ ಈ ಪರೀಕ್ಷೆ ಹೆಸರಿನ ಹಂತದಲ್ಲೇ ಎಡವುತ್ತದೆ. ಹಳೇ ಮೈಸೂರು ಕಡೆ ಹೆಸರಿನ ಹಿಂದಿನ ಅಕ್ಷರಗಳು ಊರು ಮತ್ತು ಅಪ್ಪನವು. ತಲೆಮಾರಿಗೊಮ್ಮೆ ಬದಲಾಗುವ ಅವುಗಳ ಬೆನ್ನು ಹತ್ತಲು ಯಾವ ವರ್ಣತಂತುವೂ ಇಲ್ಲ. ಉತ್ತರ ಕರ್ನಾಟಕದ ಪಾಟೀಲ, ಕುಲಕರ್ಣಿ, ದೇಸಾಯಿಗಳು ಹುದ್ದೆಯಿಂದ ಬಂದವು, ಕಮ್ಮಾರ ಬಡಿಗೇರರು ಕಸುಬಿನಿಂದ. ಇವೆಲ್ಲ ನಮ್ಮ ಸ್ಮಿತ್‌ಗಳು. ತುಳುನಾಡಿನ ಅಳಿಯಸಂತಾನದಲ್ಲಿ ಬಳಿ ಎಂಬ ಕುಲದ ಗುರುತು ಇಳಿಯುವುದು ತಾಯಿಯಿಂದ. ಅಲ್ಲಿ ವೈ ಬಿಟ್ಟು ಮೈಟೊಕಾಂಡ್ರಿಯಾ ನೋಡಬೇಕು. ಆದರೆ ಕೇಳಬೇಕಾದ ಪ್ರಶ್ನೆ ಇಟ್ಟುಕೊಂಡವರು ಇಲ್ಲೂ ಇದ್ದಾರೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು, ಅಂಗಳದಲ್ಲಿ ನಿಂತು ಆ ಮನೆಯ ಮೂಲ ಊರು, ಅಲ್ಲಿಂದ ಎದ್ದು ಬಂದವನು, ಅವನ ಮಕ್ಕಳು ಪಾಲಾಗಿ ಹೋದ ಹಳ್ಳಿಗಳನ್ನು ಹೇಳಿ ಕಾಳು ಹಾಕಿಸಿಕೊಂಡು ಹೋಗುತ್ತಿದ್ದ ಹೆಳವರು. ಹೆಳವನೊಬ್ಬನ ಹೊತ್ತಗೆಯಲ್ಲಿ ಎಂಟು ತಲೆಮಾರಿನ ಹಿಂದೆ ಬೇರೆಯಾದ ಅಣ್ಣತಮ್ಮಂದಿರ ಎರಡು ಊರುಗಳ ಹೆಸರಿದ್ದರೆ, ಆ ಎರಡೂ ಊರಿನ ಒಬ್ಬೊಬ್ಬ ಗಂಡಸಿನ ಒಪ್ಪಿಗೆ ಸಿಕ್ಕರೆ, ಪರೀಕ್ಷೆಗೆ ಮಾಡಲು ಕೆಲಸವಿದೆ.