ವಜ್ರದ ನಾಡಿನಲ್ಲಿ ಕೈ ಕಳೆದುಕೊಂಡವರು

ಆಫ್ರಿಕಾದ ಭೂಪಟವನ್ನೊಮ್ಮೆ ಬಿಡಿಸಿ ನೋಡಿ. ಪಶ್ಚಿಮದ ಅಂಚಿನಲ್ಲಿ, ಗಿನಿ ಮತ್ತು ಲೈಬೀರಿಯಾಗಳ ನಡುವೆ, ಅಟ್ಲಾಂಟಿಕ್ ಸಾಗರಕ್ಕೆ ಮುಖ ಮಾಡಿದ ಪುಟ್ಟ ದೇಶವೊಂದು ಕಾಣಿಸುತ್ತದೆ. ಅದು ಸಿಯೆರಾ ಲಿಯೋನ್. ನಮ್ಮ ಕರ್ನಾಟಕದ ಅರ್ಧದಷ್ಟೂ ಇಲ್ಲ. ಜನಸಂಖ್ಯೆಯ ಸುಮಾರು ಮುಕ್ಕಾಲು ಪಾಲು ಮುಸ್ಲಿಮರು, ಉಳಿದವರಲ್ಲಿ ಹೆಚ್ಚಿನವರು ಕ್ರೈಸ್ತರು. ಒಂದೇ ಮನೆಯಲ್ಲಿ ಒಬ್ಬರು ಮಸೀದಿಗೆ, ಇನ್ನೊಬ್ಬರು ಚರ್ಚಿಗೆ ಹೋಗುವುದು ಅಲ್ಲಿ ಅಚ್ಚರಿಯ ವಿಷಯವಲ್ಲ. 1996ರಲ್ಲಿ ಅಧ್ಯಕ್ಷರಾದ ಅಹ್ಮದ್ ತೇಜನ್ ಕಬ್ಬಾ ಮುಸ್ಲಿಮರು, ಅವರ ಪತ್ನಿ ಪೆಟ್ರೀಷಿಯಾ ಕ್ಯಾಥೊಲಿಕರು. ಆಫ್ರಿಕಾದಲ್ಲಿ ಯುದ್ಧವೆಂದರೆ ಸಾಕು, ಧರ್ಮದ ಜಗಳ, ಬುಡಕಟ್ಟಿನ ಜಗಳ ಎಂದು ಷರಾ ಬರೆದುಬಿಡುವವರು ಈ ದೇಶದ ಕಥೆಯನ್ನು ಓದಬೇಕು. ಇಲ್ಲಿ ಹನ್ನೊಂದು ವರ್ಷ ಹರಿದ ರಕ್ತಕ್ಕೆ ಧರ್ಮ ಕಾರಣವಾಗಿರಲಿಲ್ಲ.

ಪೂರ್ವದ ಕೋನೊ ಜಿಲ್ಲೆಯಲ್ಲಿ 1930ರಲ್ಲಿ ವಜ್ರ ಸಿಕ್ಕಿತು. ಆಗ ಬ್ರಿಟಿಷರ ಆಳ್ವಿಕೆ. 1935ರಲ್ಲಿ ಡಿ ಬಿಯರ್ಸ್ ನಂಟಿನ ಕಂಪೆನಿಯೊಂದಕ್ಕೆ 99 ವರ್ಷಗಳ ಏಕಸ್ವಾಮ್ಯ ಬರೆದುಕೊಟ್ಟರು. ಆದರೆ ಇಲ್ಲಿನ ವಜ್ರ ಬೇಲಿ ಹಾಕಿ ಕಾಯುವಂಥದ್ದಲ್ಲ. ದಕ್ಷಿಣ ಆಫ್ರಿಕಾದ ಗಣಿಗಳಲ್ಲಿ ಕಲ್ಲಿನ ಆಳಕ್ಕಿಳಿಯಲು ದೊಡ್ಡ ಯಂತ್ರಗಳೇ ಬೇಕು. ಕೋನೊದಲ್ಲಾದರೋ ವಜ್ರ ನದಿಯ ಜಲ್ಲಿಕಲ್ಲಿನ ಜೊತೆ ಹರಿದು ಬಂದು ಮೈಲಿಗಟ್ಟಲೆ ಹರಡಿ ಕುಳಿತಿದೆ. ಒಂದು ಸಲಿಕೆ, ಒಂದು ಜರಡಿ, ಮಂಡಿಯುದ್ದ ನೀರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ನಿಲ್ಲುವ ಒಂದು ಬೆನ್ನು, ಇಷ್ಟಿದ್ದರೆ ಸಾಕು. ಇದು ಬಡವನಿಗೆ ಒಲಿದ ಭಾಗ್ಯವಲ್ಲವೇ ಎಂದು ನೀವು ಕೇಳಬಹುದು. ಸಲಿಕೆ ಇದ್ದವನಿಗೆ ಸಿಗುವ ವಜ್ರ, ಅವನ ತಲೆಗೆ ಬಂದೂಕು ಇಟ್ಟವನಿಗೆ ಇನ್ನೂ ಸುಲಭವಾಗಿ ಸಿಗುತ್ತದೆ!

ಅಗೆಯುವವನ ಬದುಕು ಹೇಗಿರುತ್ತದೆ ಎನ್ನುವುದನ್ನೂ ತಿಳಿಯಿರಿ. ಪರವಾನಗಿಗೆ, ಸಲಕರಣೆಗೆ ಹಣ ಹಾಕುವ ಧಣಿ ಒಬ್ಬನಿರುತ್ತಾನೆ. ಆತ ಅಗೆಯುವವರಿಗೆ ಅನ್ನ ಮತ್ತು ಒಂದಿಷ್ಟು ಚಿಲ್ಲರೆ ಕೊಡುತ್ತಾನೆ. ಕಲ್ಲು ಸಿಕ್ಕರೆ ಪಾಲು. ಸಿಗದಿದ್ದರೆ ತಿಂಗಳುಗಟ್ಟಲೆ ಬರಿಗೈ. ಸಿಕ್ಕ ಕಲ್ಲಿನ ನಿಜವಾದ ಬೆಲೆ ಏನೆಂದು ಅಗೆದವನಿಗೆ ಗೊತ್ತಿಲ್ಲ, ಕೊಳ್ಳುವವನಿಗೆ ಚೆನ್ನಾಗಿ ಗೊತ್ತು. ಅಳತೆ, ತೂಕದಲ್ಲಿ ವಂಚಿಸುವವರನ್ನು ಪವಿತ್ರ ಕುರ್‌ಆನ್ ಎಷ್ಟು ಕಠಿಣವಾಗಿ ಎಚ್ಚರಿಸಿದೆ ಎಂಬುದು ಈ ಪತ್ರಿಕೆಯ ಓದುಗರಿಗೆ ಗೊತ್ತಿರುವುದೇ. ಕೋನೊದ ವ್ಯವಹಾರ ನಿಂತಿರುವುದೇ ಆ ವಂಚನೆಯ ಮೇಲೆ.

1961ರಲ್ಲಿ ಸ್ವಾತಂತ್ರ್ಯ ಬಂತು. 1968ರಿಂದ 1985ರವರೆಗೆ ಆಳಿದ ಸಿಯಾಕ ಸ್ಟೀವನ್ಸ್ ಗಣಿಗಳನ್ನು ರಾಷ್ಟ್ರೀಕರಣಗೊಳಿಸಿದರು. ಆದರೆ ಲಾಭ ಬಂದದ್ದು ರಾಷ್ಟ್ರಕ್ಕಲ್ಲ, ಅವರ ಬಳಗಕ್ಕೆ. 1970ರಲ್ಲಿ 20 ಲಕ್ಷ ಕ್ಯಾರೆಟ್ ದಾಟಿದ್ದ ಅಧಿಕೃತ ರಫ್ತು 1988ರ ಹೊತ್ತಿಗೆ ಬರೀ 48 ಸಾವಿರ ಕ್ಯಾರೆಟ್‌ಗೆ ಇಳಿಯಿತು. ನೆಲದಲ್ಲಿ ವಜ್ರ ಬತ್ತಿರಲಿಲ್ಲ, ಕಳ್ಳದಾರಿ ಅಗಲವಾಗಿತ್ತು. ಶಿಕ್ಷಕರಿಗೆ ಸಂಬಳವಿಲ್ಲ, ಆಸ್ಪತ್ರೆಯಲ್ಲಿ ಔಷಧಿಯಿಲ್ಲ, ಯುವಕರಿಗೆ ಕೆಲಸವಿಲ್ಲ.

1991ರ ಮಾರ್ಚ್ 23ರಂದು ಲೈಬೀರಿಯಾದ ಗಡಿ ದಾಟಿ ಬಂಡುಕೋರರು ಒಳನುಗ್ಗಿದರು. ನಾಯಕ ಫೊಡೆ ಸಂಕೊ, ಸೇನೆಯ ಮಾಜಿ ಕಾರ್ಪೊರಲ್. ಬೆನ್ನಿಗಿದ್ದವನು ಲೈಬೀರಿಯಾದ ಚಾರ್ಲ್ಸ್ ಟೇಲರ್. ಭ್ರಷ್ಟರನ್ನು ಕಿತ್ತೊಗೆದು ಬಡವರಿಗೆ ನ್ಯಾಯ ಕೊಡಿಸುತ್ತೇವೆ ಎಂಬುದು ಘೋಷಣೆ. ಅವರು ಕಣ್ಣಿಟ್ಟದ್ದು ಮಾತ್ರ ಕೋನೊದ ಮೇಲೆ. ವಜ್ರ ಲೈಬೀರಿಯಾಕ್ಕೆ ಹೋಯಿತು, ಬಂದೂಕು ಮರಳಿ ಬಂತು. ಲೈಬೀರಿಯಾದ ನೆಲದಲ್ಲಿ ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷ ಕ್ಯಾರೆಟ್ ವಜ್ರ ಸಿಕ್ಕೀತು. ಆದರೆ 1994ರಿಂದ 1998ರವರೆಗೆ ಲೈಬೀರಿಯಾದಿಂದ ಬಂದದ್ದೆಂದು ಬೆಲ್ಜಿಯಂನ ದಾಖಲೆಗಳು ತೋರಿಸಿದ್ದು 3 ಕೋಟಿ 10 ಲಕ್ಷ ಕ್ಯಾರೆಟ್‌ಗೂ ಹೆಚ್ಚು! ಆಂಟ್‌ವರ್ಪ್‌ನ ವ್ಯಾಪಾರಿಗಳಿಗೆ ಲೆಕ್ಕ ಬರುತ್ತಿರಲಿಲ್ಲ ಎಂದು ನಂಬುವುದು ಕಷ್ಟ.

1996ರಲ್ಲಿ ಚುನಾವಣೆ ಘೋಷಣೆಯಾಯಿತು. ನಿಮ್ಮ ಭವಿಷ್ಯ ನಿಮ್ಮ ಕೈಯಲ್ಲಿದೆ, ಬಂದು ಮತ ಹಾಕಿ ಎಂದು ಜನರನ್ನು ಕರೆಯಲಾಯಿತು. ಬಂಡುಕೋರರ ಉತ್ತರವೇನು ಗೊತ್ತೇ? ಕೈಗಳನ್ನೇ ಕಡಿಯುವುದು. ಉದ್ದ ತೋಳು ಬೇಕೋ, ಗಿಡ್ಡ ತೋಳು ಬೇಕೋ ಎಂದು ದರ್ಜಿಯಂತೆ ಕೇಳಿ, ಮಣಿಕಟ್ಟಿನಲ್ಲೋ ಮೊಣಕೈಯ ಮೇಲೋ ಮಚ್ಚು ಬೀಸುತ್ತಿದ್ದರು. ಗಂಡಸರು, ಹೆಂಗಸರು, ಎಳೆಯ ಮಕ್ಕಳು ಯಾರನ್ನೂ ಬಿಡಲಿಲ್ಲ. ಸಹೋದರಿಯರೇ, ಕೈಯಿಲ್ಲದ ತಾಯಿಯ ಒಂದು ದಿನವನ್ನು ಯೋಚಿಸಿ. ಮಗುವನ್ನು ಎತ್ತಿಕೊಳ್ಳಲಾಗದು, ಅನ್ನ ಕಲಸಲಾಗದು, ತಲೆಯ ಮೇಲೆ ವಸ್ತ್ರ ಸರಿಪಡಿಸಿಕೊಳ್ಳಲಾಗದು. ವುಝೂ ಮಾಡಿಸಲು ಇನ್ನೊಬ್ಬರು ಬೇಕು. ದುಆಕ್ಕೆ ಎತ್ತಲು ಅಂಗೈಗಳೇ ಇಲ್ಲ.

ಮಕ್ಕಳ ಕಥೆ ಬೇರೆಯೇ. ಸಾವಿರಾರು ಗಂಡುಮಕ್ಕಳನ್ನು ಅಪಹರಿಸಿ, ಮಾದಕ ವಸ್ತು ತಿನ್ನಿಸಿ, ಕೈಗೆ ಬಂದೂಕು ಕೊಟ್ಟರು. ಹೆಣ್ಣುಮಕ್ಕಳನ್ನು ಕಾಡಿಗೆ ಎಳೆದೊಯ್ದು ಬಂಡುಕೋರರಿಗೆ 'ಹೆಂಡತಿ'ಯರಾಗಿ ಹಂಚಿದರು. ಅಲ್ಲಿ ನಿಕಾಹ್ ಇಲ್ಲ, ಒಪ್ಪಿಗೆಯಿಲ್ಲ, ವಲಿಯಿಲ್ಲ. ಯುದ್ಧ ಮುಗಿದು ಮಗುವಿನೊಂದಿಗೆ ಊರಿಗೆ ಮರಳಿದಾಗ ಎಷ್ಟೋ ಮನೆಗಳ ಬಾಗಿಲು ಅವರಿಗೆ ತೆರೆಯಲಿಲ್ಲ. ತಪ್ಪು ಯಾರದು, ಶಿಕ್ಷೆ ಯಾರಿಗೆ? ಇಂಥ ಬಲವಂತದ ಮದುವೆ ಮಾನವೀಯತೆಯ ವಿರುದ್ಧದ ಅಪರಾಧವೆಂದು ಸಿಯೆರಾ ಲಿಯೋನ್‌ನ ವಿಶೇಷ ನ್ಯಾಯಾಲಯ ಮೊದಲ ಬಾರಿಗೆ ಒಪ್ಪಿದ್ದು 2008ರಲ್ಲಿ. ಮರುವರ್ಷ ಬಂಡುಕೋರ ನಾಯಕರಿಗೆ ಅದಕ್ಕಾಗಿ ಶಿಕ್ಷೆಯೂ ಆಯಿತು.

1999ರ ಜನವರಿ 6ರಂದು ಬಂಡುಕೋರರು ರಾಜಧಾನಿ ಫ್ರೀಟೌನ್‌ಗೇ ನುಗ್ಗಿ ಬೆಂಕಿಯಿಟ್ಟರು. ಆ ವರ್ಷದ ಜುಲೈನಲ್ಲಿ ಲೋಮೆ ಒಪ್ಪಂದವಾಯಿತು. ಅದರಂತೆ ಸಂಕೊಗೆ ಕ್ಷಮಾದಾನ, ಉಪಾಧ್ಯಕ್ಷರ ಸ್ಥಾನಮಾನ. ಜೊತೆಗೆ ದೇಶದ ಖನಿಜ ಸಂಪತ್ತನ್ನು ನೋಡಿಕೊಳ್ಳುವ ಆಯೋಗದ ಅಧ್ಯಕ್ಷತೆ! ಕುರಿ ಕಾಯಲು ತೋಳನನ್ನು ನೇಮಿಸಿದ ಹಾಗೆ. ಹತ್ತು ತಿಂಗಳು ಕಳೆಯುವಷ್ಟರಲ್ಲಿ, 2000ದ ಮೇ ತಿಂಗಳಲ್ಲಿ, ವಿಶ್ವಸಂಸ್ಥೆಯ ನೂರಾರು ಶಾಂತಿಪಾಲಕರನ್ನು ಬಂಡುಕೋರರು ಒತ್ತೆಯಾಳುಗಳನ್ನಾಗಿ ಹಿಡಿದರು. ಆಗ ಶಾಂತಿಪಡೆಯ ದಂಡನಾಯಕರಾಗಿದ್ದವರು ನಮ್ಮವರೇ ಆದ ಮೇಜರ್ ಜನರಲ್ ವಿಜಯ ಕುಮಾರ್ ಜೇಟ್ಲಿ. ಕೈಲಾಹುನ್ ಪಟ್ಟಣದಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ಸುತ್ತುವರಿಯಲ್ಪಟ್ಟಿದ್ದ ಇನ್ನೂರಕ್ಕೂ ಹೆಚ್ಚು ಭಾರತೀಯ ಯೋಧರನ್ನು ಜುಲೈನಲ್ಲಿ 'ಆಪರೇಷನ್ ಖುಕ್ರಿ' ನಡೆಸಿ ಬಿಡಿಸಿ ತರಲಾಯಿತು. ಕಾರ್ಗಿಲ್ ನೆನಪಿರುವ ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

2002ರ ಜನವರಿಯಲ್ಲಿ ಯುದ್ಧ ಮುಗಿಯಿತೆಂದು ಘೋಷಿಸಲಾಯಿತು. ಸತ್ತವರು ಸುಮಾರು 50 ಸಾವಿರ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ಮನೆ ಬಿಟ್ಟು ಓಡಿದವರು 20 ಲಕ್ಷಕ್ಕೂ ಹೆಚ್ಚು. ಸಂಕೊ 2003ರಲ್ಲಿ ಬಂಧನದಲ್ಲಿರುವಾಗಲೇ ಸತ್ತ. ಟೇಲರ್‌ಗೆ 2012ರಲ್ಲಿ 50 ವರ್ಷಗಳ ಶಿಕ್ಷೆಯಾಗಿ ಬ್ರಿಟನ್ನಿನ ಜೈಲಿಗೆ ಕಳುಹಿಸಲಾಯಿತು.

ಇನ್ನು ನಮ್ಮ ವಿಷಯ. ಜಗತ್ತಿನ ವಜ್ರಗಳಲ್ಲಿ ಹೆಚ್ಚಿನವು ಹೊಳಪು ಪಡೆಯುವುದು ಗುಜರಾತಿನ ಸೂರತ್‌ನಲ್ಲಿ. ಮದುವೆಗೆ ಕೊಂಡ ಉಂಗುರದ ಕಲ್ಲು ಎಲ್ಲಿಯದೆಂದು ಕೇಳಿದರೆ ಅಂಗಡಿಯವರು 'ಕಿಂಬರ್ಲಿ' ಎನ್ನಬಹುದು. 2003ರ ಜನವರಿ 1ರಿಂದ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಕಚ್ಚಾ ವಜ್ರದ ಪ್ರತಿ ಪೊಟ್ಟಣಕ್ಕೂ ಸರಕಾರದ ಪ್ರಮಾಣಪತ್ರ ಇರಲೇಬೇಕು. ಒಳ್ಳೆಯದೇ. ಆದರೆ ಅದರ ವ್ಯಾಖ್ಯೆಯಲ್ಲಿ 'ರಕ್ತದ ವಜ್ರ' ಎಂದರೆ ಬಂಡುಕೋರರು ಸರಕಾರದ ವಿರುದ್ಧದ ಯುದ್ಧಕ್ಕೆ ಬಳಸಿದ ವಜ್ರ ಮಾತ್ರ. ಸರಕಾರದ ಸೈನಿಕರೇ ಕಾರ್ಮಿಕರನ್ನು ಕೊಂದರೆ? 2008ರಲ್ಲಿ ಜಿಂಬಾಬ್ವೆಯ ಮರಾಂಗೆ ಗಣಿಯಲ್ಲಿ ಆದದ್ದು ಅದೇ. ಆ ವಜ್ರಗಳಿಗೂ ಮುಂದೆ ಒಪ್ಪಿಗೆ ಸಿಕ್ಕಿತು. ಈ ವ್ಯವಸ್ಥೆಗಾಗಿ ಹೋರಾಡಿದ್ದ ಗ್ಲೋಬಲ್ ವಿಟ್ನೆಸ್ ಸಂಸ್ಥೆಯೇ 2011ರಲ್ಲಿ ಹೊರನಡೆಯಿತು. ಇನ್ನು ಮಗುವಿನ ದುಡಿಮೆ, ಅಗೆಯುವವನ ಕೂಲಿ ಇವೆಲ್ಲ ಆ ಪ್ರಮಾಣಪತ್ರದಲ್ಲಿ ಇರುವುದೇ ಇಲ್ಲ.

ಯುದ್ಧ ನಿಂತರೂ ಬಡತನ ನಿಲ್ಲಲಿಲ್ಲ. 2014ರಲ್ಲಿ ಎಬೋಲಾ ಬಂದಾಗ ವೈದ್ಯರಿಲ್ಲದ ಆ ದೇಶದಲ್ಲಿ ಸುಮಾರು 4 ಸಾವಿರ ಮಂದಿ ಸತ್ತರು. 2017ರ ಮಾರ್ಚ್‌ನಲ್ಲಿ ಕೋನೊದ ಹಳ್ಳಿಯೊಂದರಲ್ಲಿ ಪಾದ್ರಿಯೊಬ್ಬರ ಬಳಿ ಅಗೆಯುತ್ತಿದ್ದವರಿಗೆ 709 ಕ್ಯಾರೆಟ್‌ನ ಕಲ್ಲು ಸಿಕ್ಕಿತು, ಹೆಚ್ಚುಕಡಿಮೆ ಕೋಳಿಮೊಟ್ಟೆಯ ಗಾತ್ರದ್ದು. ಅದನ್ನು ರಾತ್ರೋರಾತ್ರಿ ಗಡಿ ದಾಟಿಸಬಹುದಿತ್ತು. ಪಾದ್ರಿ ಸರಕಾರಕ್ಕೆ ಒಪ್ಪಿಸಿದರು. ಫ್ರೀಟೌನ್‌ನ ಹರಾಜಿನಲ್ಲಿ ಬಂದ ಸುಮಾರು 78 ಲಕ್ಷ ಡಾಲರ್ ಬೆಲೆ ಸಾಲದೆಂದು ಸರಕಾರ ನಿರಾಕರಿಸಿತು. ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಅದು ಹೋದದ್ದು 65 ಲಕ್ಷಕ್ಕೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸರಕಾರಕ್ಕೆ ಮತ್ತು ಊರಿನ ನೀರು, ಶಾಲೆ, ರಸ್ತೆಯ ಕೆಲಸಗಳಿಗೆಂದು ಮೀಸಲಾಯಿತು. ಉಳಿದದ್ದು ಪಾದ್ರಿಗೆ ಮತ್ತು ಮಣ್ಣು ಅಗೆದವರಿಗೆ.