ಬೆನ್ನುಮೂಳೆಯ ಆರೋಗ್ಯದಲ್ಲಿ ಕೋರ್ ಸ್ನಾಯುಗಳ ಪಾತ್ರ

ಕೋರ್ ಸ್ನಾಯುಗಳು ಎಂದರೆ ಹೊಟ್ಟೆ, ಸೊಂಟ ಮತ್ತು ಕೆಳಬೆನ್ನನ್ನು ಸುತ್ತುವರಿದು ಬೆನ್ನುಮೂಳೆಗೆ ಆಸರೆ ನೀಡುವ ಸ್ನಾಯುಗಳ ಸಮೂಹ. ಬೆನ್ನುನೋವಿನ ನಿರ್ವಹಣೆಯಲ್ಲಿ ಇವುಗಳ ವ್ಯಾಯಾಮಕ್ಕೆ ಮಹತ್ವದ ಸ್ಥಾನವಿದೆ. ಆದರೆ ಎಲ್ಲ ಬೆನ್ನುನೋವಿಗೂ ಇವುಗಳ ದೌರ್ಬಲ್ಯವೇ ಕಾರಣವಲ್ಲ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಬಾಗಿ ಮಾಡುವ ಕೃಷಿ ದುಡಿಮೆ ಹಾಗೂ ಅಂತರ್ಜಲದ ಫ್ಲೋರೈಡ್ ಕೂಡ ಬೆನ್ನಿನ ಆರೋಗ್ಯದ ಮೇಲೆ ಪರಿಣಾಮ ಬೀರುವ ಅಂಶಗಳಾಗಿವೆ.

ರಚನೆ

ಮಾನವನ ಬೆನ್ನುಮೂಳೆಯಲ್ಲಿ 33 ಕಶೇರುಕಗಳಿದ್ದು, ಸೊಂಟದ ಭಾಗದ 5 ಕಶೇರುಕಗಳು ದೇಹದ ಮೇಲ್ಭಾಗದ ಭಾರವನ್ನು ಹೊರುತ್ತವೆ. ಈ ಭಾಗವನ್ನು ಕೋರ್ ಸ್ನಾಯುಗಳು ಒಂದು ಪೀಪಾಯಿಯಂತೆ ಆವರಿಸಿವೆ. ಮೇಲೆ ವಪೆ, ಕೆಳಗೆ ಶ್ರೋಣಿತಳದ ಸ್ನಾಯುಗಳು, ಮುಂದೆ ಮತ್ತು ಪಕ್ಕಗಳಲ್ಲಿ ಹೊಟ್ಟೆಯ ಸ್ನಾಯುಗಳು, ಹಿಂದೆ ಮಲ್ಟಿಫಿಡಸ್ ಹಾಗೂ ಬೆನ್ನನ್ನು ನೆಟ್ಟಗೆ ನಿಲ್ಲಿಸುವ ಉದ್ದನೆಯ ಸ್ನಾಯುಗಳಿವೆ. ಹೊಟ್ಟೆಯ ಅತ್ಯಂತ ಒಳಪದರದ ಸ್ನಾಯುವಾದ ಟ್ರಾನ್ಸ್‌ವರ್ಸಸ್ ಅಬ್ಡೊಮಿನಿಸ್ ನಡುಪಟ್ಟಿಯಂತೆ ಸೊಂಟವನ್ನು ಬಳಸಿರುತ್ತದೆ.

ಕಾರ್ಯವಿಧಾನ

ಸ್ನಾಯುಗಳಿಲ್ಲದೆ ಕೇವಲ ಮೂಳೆ ಮತ್ತು ಅಸ್ಥಿರಜ್ಜುಗಳಿಂದ ಕೂಡಿದ ಸೊಂಟದ ಬೆನ್ನುಮೂಳೆಯು ಪ್ರಯೋಗಾಲಯದಲ್ಲಿ ಸುಮಾರು 90 ನ್ಯೂಟನ್, ಅಂದರೆ 9 ಕಿಲೋಗ್ರಾಂನಷ್ಟು ಭಾರಕ್ಕೇ ಬಾಗಿ ಕುಸಿಯುತ್ತದೆ. ಜೀವಂತ ದೇಹವು ಇದರ ಹಲವು ಪಟ್ಟು ಭಾರವನ್ನು ತಾಳಲು ಸ್ನಾಯುಗಳ ಆಸರೆಯೇ ಕಾರಣ. 1996ರಲ್ಲಿ ಪಾಲ್ ಹಾಡ್ಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರೋಗ್ಯವಂತರಲ್ಲಿ ಕೈ ಎತ್ತುವ ಮೊದಲೇ ಟ್ರಾನ್ಸ್‌ವರ್ಸಸ್ ಅಬ್ಡೊಮಿನಿಸ್ ಬಿಗಿಯಾಗುತ್ತದೆ. ಬೆನ್ನುನೋವಿನ ಇತಿಹಾಸವಿರುವವರಲ್ಲಿ ಈ ಕ್ರಿಯೆ ತಡವಾಗುತ್ತದೆ.

ಬಾಗಿ ಮಾಡುವ ದುಡಿಮೆ

ಮಳೆಯಾಶ್ರಿತ ಬೇಸಾಯವೇ ಹೆಚ್ಚಾಗಿರುವ ಈ ತಾಲ್ಲೂಕುಗಳಲ್ಲಿ ಕಳೆ ತೆಗೆಯುವುದು, ಶೇಂಗಾ ಕೀಳುವುದು, ಜೋಳ ಕೊಯ್ಯುವುದು ಮುಂತಾದ ಕೆಲಸಗಳನ್ನು ಬಾಗಿ ಅಥವಾ ಕುಕ್ಕರಗಾಲಿನಲ್ಲಿ ಕುಳಿತು ಮಾಡಬೇಕಾಗುತ್ತದೆ. ಹಡಗಲಿ ಭಾಗದ ಮಲ್ಲಿಗೆ ತೋಟಗಳಲ್ಲಿ ಮೊಗ್ಗು ಬಿಡಿಸುವ ಕೆಲಸವೂ ಇದೇ ಬಗೆಯದು. ಪೂರ್ಣವಾಗಿ ಬಾಗಿದಾಗ ಬೆನ್ನಿನ ಸ್ನಾಯುಗಳು ಬಹುಮಟ್ಟಿಗೆ ನಿಷ್ಕ್ರಿಯವಾಗಿ, ಭಾರವು ಅಸ್ಥಿರಜ್ಜು ಮತ್ತು ಡಿಸ್ಕ್‌ಗಳಿಗೆ ವರ್ಗವಾಗುತ್ತದೆ. ಹೆಚ್ಚು ಹೊತ್ತು ಹೀಗೆಯೇ ಇದ್ದರೆ ಅಸ್ಥಿರಜ್ಜುಗಳು ಸಡಿಲಗೊಳ್ಳುತ್ತವೆ ಮತ್ತು ಮೊದಲಿನ ಬಿಗಿತಕ್ಕೆ ಮರಳಲು ಸಮಯ ಬೇಕಾಗುತ್ತದೆ. ಆದ್ದರಿಂದ ಬಾಗಿದ ಕೆಲಸದಿಂದ ಎದ್ದ ಕೂಡಲೇ ಚೀಲ ಅಥವಾ ತುಂಬಿದ ಕೊಡವನ್ನು ಎತ್ತದೆ, ಕೆಲವು ನಿಮಿಷ ನೆಟ್ಟಗೆ ನಿಂತು ನಡೆದಾಡುವುದು ಸೂಕ್ತ. ಭಾರವನ್ನು ಮೈಗೆ ಹತ್ತಿರ ಹಿಡಿದು ಎತ್ತುವುದರಿಂದ ಸೊಂಟದ ಮೇಲಿನ ಒತ್ತಡ ಕಡಿಮೆಯಾಗುತ್ತದೆ.

ಫ್ಲೋರೈಡ್ ಮತ್ತು ಬೆನ್ನುಮೂಳೆ

ಈ ಪ್ರದೇಶದ ಹಲವು ಹಳ್ಳಿಗಳ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಪ್ರತಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದಾಗ ಗರಿಷ್ಠ ಮಿತಿ 1.5 ಮಿಲಿಗ್ರಾಂ. ಹಲವು ವರ್ಷ ಅಧಿಕ ಫ್ಲೋರೈಡ್ ಸೇವಿಸಿದವರಲ್ಲಿ ಮೂಳೆಗಳು ದಟ್ಟವಾಗಿ, ಅಸ್ಥಿರಜ್ಜುಗಳಲ್ಲಿ ಸುಣ್ಣದಂಶ ಸೇರಿ ಬೆನ್ನು ಬಿಗಿಯಾಗುವ ಮೂಳೆಯ ಫ್ಲೋರೋಸಿಸ್ ಉಂಟಾಗಬಹುದು. ಇದರ ಆರಂಭದ ನೋವು ಮತ್ತು ಬಿಗಿತವು ಸಾಮಾನ್ಯ ಬೆನ್ನುನೋವನ್ನೇ ಹೋಲುತ್ತದೆ. ಕೋರ್ ವ್ಯಾಯಾಮದಿಂದ ಈ ಬದಲಾವಣೆ ಹಿಂದಿರುಗುವುದಿಲ್ಲ. ಸುರಕ್ಷಿತ ನೀರೇ ಮುಖ್ಯ ತಡೆ. ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ಹಾಗಾಗಿ ಇಲ್ಲಿನ ರೋಗಿಯ ಬೆನ್ನುನೋವನ್ನು ಪರಿಶೀಲಿಸುವಾಗ ಕುಡಿಯುವ ನೀರಿನ ಮೂಲವನ್ನೂ ವಿಚಾರಿಸಬೇಕಾಗುತ್ತದೆ.

ವ್ಯಾಯಾಮ ಮತ್ತು ಅದರ ಮಿತಿ

ಅಂಬೆಗಾಲಿನ ಭಂಗಿಯಲ್ಲಿ ಒಂದು ಕೈ ಮತ್ತು ಅದರ ವಿರುದ್ಧ ಬದಿಯ ಕಾಲನ್ನು ಚಾಚುವುದು, ಮೊಣಕೈ ಊರಿ ದೇಹವನ್ನು ಹಲಗೆಯಂತೆ ನೇರವಾಗಿ ಹಿಡಿಯುವುದು, ಅಂಗಾತ ಮಲಗಿ ಸೊಂಟ ಎತ್ತುವುದು ಇವು ಸಾಮಾನ್ಯ ಕೋರ್ ವ್ಯಾಯಾಮಗಳು. ಭಂಗಿಯನ್ನು ಕೆಲವೇ ಸೆಕೆಂಡು ಹಿಡಿದು, ಉಸಿರು ಕಟ್ಟದೆ, ಹಲವು ಬಾರಿ ಮಾಡುವ ಕ್ರಮ ರೂಢಿಯಲ್ಲಿದೆ. ದೀರ್ಘಕಾಲದ ಬೆನ್ನುನೋವಿನಲ್ಲಿ ಇವು ನೋವನ್ನು ತಗ್ಗಿಸುತ್ತವೆಯಾದರೂ, ಇತರ ವ್ಯಾಯಾಮಗಳಿಗಿಂತ ಗಮನಾರ್ಹವಾಗಿ ಮೇಲೆಂದು ಸಿದ್ಧವಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2023ರ ಮಾರ್ಗಸೂಚಿಯಲ್ಲಿ ಕ್ರಮಬದ್ಧ ವ್ಯಾಯಾಮವನ್ನು ಶಿಫಾರಸು ಮಾಡಿದ್ದು, ವಾಡಿಕೆಯಾಗಿ ಸೊಂಟಪಟ್ಟಿ ಬಳಸುವುದನ್ನು ಬೆಂಬಲಿಸಿಲ್ಲ.

ಎಚ್ಚರಿಕೆಯ ಲಕ್ಷಣಗಳು

ಮಲಮೂತ್ರದ ಹಿಡಿತ ತಪ್ಪುವುದು, ತೊಡೆಸಂದಿಯಲ್ಲಿ ಮರಗಟ್ಟುವಿಕೆ, ಕಾಲಿನ ಶಕ್ತಿ ಕುಂದುವುದು ಇವು ತುರ್ತು ಚಿಕಿತ್ಸೆ ಬೇಡುವ ಲಕ್ಷಣಗಳು. ಜ್ವರ ಅಥವಾ ತೂಕ ಇಳಿಕೆಯೊಂದಿಗೆ ಬರುವ ನೋವು ಬೆನ್ನುಮೂಳೆಯ ಕ್ಷಯದಂತಹ ಸೋಂಕಿನ ಸೂಚನೆಯಾಗಿರಬಹುದು. ಇಂತಹ ಸಂದರ್ಭಗಳಲ್ಲಿ ಮತ್ತು ಬಿದ್ದು ಪೆಟ್ಟಾದ ನಂತರ ಕಾಣಿಸುವ ತೀವ್ರ ನೋವಿನಲ್ಲಿ, ವ್ಯಾಯಾಮಕ್ಕಿಂತ ಮೊದಲು ವೈದ್ಯರ ತಪಾಸಣೆ ಅಗತ್ಯ.